ಎರಡು ಕಾರ್ಬೊರೇಟರ್‌ಗಳ ಸಿಂಕ್: ಸ್ಕ್ರೂಗೆ ಕೈ ಹಾಕುವ ಮುಂಚೆ ಬಿಚ್ಚಿ ನೋಡಿದ್ದು

ಸಣ್ಣ ವಿಮಾನಗಳಿಗೆ ಹಾಕುವ ರೋಟ್ಯಾಕ್ಸ್ 912 ಎಂಜಿನ್ ಐಡ್ಲಿಂಗ್‌ನಲ್ಲಿ ಗಡಗಡ ನಡುಗಿದರೆ ಹ್ಯಾಂಗರ್‌ನಲ್ಲಿ ಇರುವವರೆಲ್ಲ ಹೇಳುವುದು ಒಂದೇ ಮಾತು, "ಕಾರ್ಬ್ ಸಿಂಕ್ ಹೋಗಿದೆ, ಮಾಡ್ಸಿಬಿಡಿ." ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಎರಡು ಕಾರ್ಬೊರೇಟರ್‌ಗಳ ಹೊಂದಾಣಿಕೆ ತಪ್ಪಿದೆ ಅಂತ. ಬಹಳ ಸಲ ಅದು ನಿಜವೂ ಹೌದು. ಆದರೆ ನಮ್ಮ ಮೈಕ್ರೋಲೈಟ್ (ಹಗುರವಾದ ಪುಟ್ಟ ವಿಮಾನ) ವಿಷಯದಲ್ಲಿ ಅಷ್ಟಕ್ಕೇ ಬಿಟ್ಟಿದ್ದರೆ ಕೆಟ್ಟಿದ್ದು ಒಳಗೇ ಉಳಿದು, ಮೇಲೆ ಮಾತ್ರ ಎಲ್ಲ ಸರಿ ಇದ್ದಂತೆ ಕಾಣುತ್ತಿತ್ತು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇದೇ ಎಂಜಿನ್ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು, ವಿಮಾನದ ಎಂಜಿನ್ ಒಳಗೆ ಏನಿರುತ್ತೆ ಅನ್ನೋ ಕುತೂಹಲ ಇರುವವರಿಗೂ.

ಮೊದಲೇ ಹೇಳಿಬಿಡುತ್ತೇನೆ, ನಾನು ಲೈಸೆನ್ಸ್ ಇರುವ ಇಂಜಿನಿಯರ್ ಅಲ್ಲ. ಎರಡು ಸೀಟಿನ ಈ ವಿಮಾನದಲ್ಲಿ ಪಾಲುದಾರ, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಬಿಡುವಾದಾಗಲೆಲ್ಲ ಸ್ಪ್ಯಾನರ್ ಹಿಡಿದು ನಿಲ್ಲುವವನು. ಕೆಲಸ ನಡೆದಿದ್ದು ನಮ್ಮ ಇಂಜಿನಿಯರ್ ಕಣ್ಣೆದುರಿಗೆ, ಕೊನೆಗೆ ಲಾಗ್‌ಬುಕ್‌ಗೆ ಸಹಿ ಹಾಕಿದ್ದೂ ಅವರೇ. ಅವರನ್ನು ಎಲ್ಲರೂ 'ಸರ್' ಅಂತಲೇ ಕರೆಯೋದು, ಇಲ್ಲೂ ಹಾಗೇ ಕರೆಯುತ್ತೇನೆ.

ಎಂಜಿನ್ ಬಗ್ಗೆ ಎರಡು ಮಾತು. ಆಸ್ಟ್ರಿಯಾದಲ್ಲಿ ತಯಾರಾಗುವ ಈ 912 ಯುಎಲ್‌ಎಸ್‌ಗೆ ನಾಲ್ಕು ಸಿಲಿಂಡರ್. ಎಡಕ್ಕೆ ಎರಡು, ಬಲಕ್ಕೆ ಎರಡು, ಎದುರುಬದುರಾಗಿ ಮಲಗಿರುತ್ತವೆ. ಸಿಲಿಂಡರ್‌ಗೆ ಗಾಳಿಯ ತಂಪು, ಹೆಡ್‌ಗೆ ನೀರಿನ ತಂಪು. ಗರಿಷ್ಠ 5800 ಆರ್‌ಪಿಎಂ, ಅದೂ ಐದು ನಿಮಿಷಕ್ಕೆ ಮಾತ್ರ, 100 ಹಾರ್ಸ್‌ಪವರ್. ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗಬಾರದು ಅಂತ ಮುಂದೆ 2.43 ಅನುಪಾತದ ಗೇರ್‌ಬಾಕ್ಸ್ ಇದೆ. ಕಾರ್ಬೊರೇಟರ್ ಎರಡು. ಬಲಗಡೆಯದು 1 ಮತ್ತು 3ನೇ ಸಿಲಿಂಡರ್‌ಗೆ, ಎಡಗಡೆಯದು 2 ಮತ್ತು 4ಕ್ಕೆ. ಎರಡೂ ಬಿಂಗ್ 64 ಮಾದರಿಯವು. ಹಳೆಯ ಬಿಎಂಡಬ್ಲ್ಯು ಬೈಕ್‌ಗಳ ಗುಂಗು ಇರುವವರಿಗೆ ಬಿಂಗ್ ಹೆಸರು ಗೊತ್ತಿರುತ್ತೆ. ಇನ್ನು ರಾಜ್‌ದೂತ್ 350 ಓಡಿಸಿದವರಿಗೆ ಎರಡು ಕಾರ್ಬ್ ಅಂದರೆ ಎಷ್ಟು ತಲೆನೋವು ಅಂತ ನಾನು ಹೇಳಬೇಕಿಲ್ಲ.

ತಲೆನೋವು ಯಾಕೆ ಅಂದರೆ, ಎರಡೂ ಕಡೆ ಒಂದೇ ಸಮ ಗಾಳಿ, ಒಂದೇ ಸಮ ಪೆಟ್ರೋಲ್ ಹೋಗಬೇಕು. ಜೋಡೆತ್ತಿನಲ್ಲಿ ಒಂದು ಎಳೆದು ಇನ್ನೊಂದು ಹಿಂದೆ ಬಿದ್ದರೆ ನೊಗ ಓರೆಯಾಗುತ್ತಲ್ಲ, ಇಲ್ಲೂ ಹಾಗೇ, ಪೆಟ್ಟು ಬೀಳೋದು ಗೇರ್‌ಬಾಕ್ಸ್‌ಗೆ. ಕಡಿಮೆ ಆರ್‌ಪಿಎಂನಲ್ಲಿ ಇದು ಜಾಸ್ತಿ. ಆ ನಡುಕ ಕಾರ್ಬೊರೇಟರ್‌ಗಳನ್ನೂ ಬಿಡುವುದಿಲ್ಲ. ಒಳಗೆ ಪೆಟ್ರೋಲ್ ಅಳೆದು ಬಿಡುವ ಸೂಜಿ, ಅಂದರೆ ಜೆಟ್ ನೀಡಲ್, ತಾನು ಕೂರುವ ಸಣ್ಣ ತೂತಿನ ಜೆಟ್‌ಗೆ ಉಜ್ಜಿ ಉಜ್ಜಿ ಸವೆಯುತ್ತೆ, ಸವೆದಷ್ಟೂ ಪೆಟ್ರೋಲ್ ಜಾಸ್ತಿ ಹೋಗುತ್ತೆ. ಅಂದರೆ ಸಿಂಕ್ ತಪ್ಪಿದರೆ ಕಾರ್ಬ್ ಕೆಡುತ್ತೆ, ಕಾರ್ಬ್ ಕೆಟ್ಟರೆ ಸಿಂಕ್ ಇನ್ನಷ್ಟು ತಪ್ಪುತ್ತೆ.

ನಮ್ಮ ವಿಮಾನದಲ್ಲಿ ಕಂಡಿದ್ದು ಹೀಗೆ. ಹಾರಾಟದಲ್ಲಿ ಎಲ್ಲ ಸರಿ, ಎಂಜಿನ್ ನಯವಾಗಿ ಓಡುತ್ತಿತ್ತು. ಇಳಿದು ನೆಲದ ಮೇಲೆ ಟ್ಯಾಕ್ಸಿ ಮಾಡುವಾಗ (ವಿಮಾನವನ್ನು ಉರುಳಿಸಿಕೊಂಡು ಹೋಗುವಾಗ) ಥ್ರಾಟಲ್ ಹಿಂದಕ್ಕೆ ತಂದರೆ ಮುಂದಿನ ಪ್ಯಾನೆಲ್ ಪೂರ್ತಿ ನಡುಗೋದು, ಗೇಜ್‌ಗಳ ಮುಳ್ಳು ಓದೋಕಾಗದಷ್ಟು. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಕೌಲಿಂಗ್, ಅಂದರೆ ಎಂಜಿನ್ ಮುಚ್ಚಳದ ಒಳಗಿಂದ ಪೆಟ್ರೋಲ್ ವಾಸನೆ. ನಡುಕ ಮಾತ್ರ ಇದ್ದಿದ್ದರೆ ನಾನೂ ಸಿಂಕ್ ಅಂತಲೇ ಅಂದುಕೊಳ್ಳುತ್ತಿದ್ದೆ. ವಾಸನೆಯ ವಿಷಯ ಕೇಳಿದ ಕೂಡಲೇ ಸರ್ ಹೇಳಿದ್ದು, "ಸಿಂಕ್ ಗೇಜ್ ಆಮೇಲೆ ತಗೊಂಡು ಬಾ. ಮೊದಲು ಕೌಲಿಂಗ್ ಬಿಚ್ಚು."

ಬಿಚ್ಚಿದರೆ ಬಲಗಡೆ ಕಾರ್ಬೊರೇಟರ್ ಕೆಳಗಿನ ಡ್ರಿಪ್ ಟ್ರೇಯಲ್ಲಿ ಪೆಟ್ರೋಲ್ ಒಣಗಿದ ಕಲೆ. ಏವ್‌ಗ್ಯಾಸ್‌ಗೆ, ಅಂದರೆ ವಿಮಾನದ ಪೆಟ್ರೋಲ್‌ಗೆ, ನೀಲಿ ಬಣ್ಣ ಹಾಕಿರುತ್ತಾರೆ, ಆರಿಹೋದ ಮೇಲೂ ಅದರ ಗುರುತು ಉಳಿಯುತ್ತೆ. ಎಡಗಡೆ ಟ್ರೇ ಶುಭ್ರವಾಗಿತ್ತು. ಆಮೇಲೆ ಪ್ಲಗ್ ತೆಗೆದೆವು. ಸಿಲಿಂಡರ್‌ಗೆ ಎರಡರಂತೆ ಒಟ್ಟು ಎಂಟು ಪ್ಲಗ್. ಮೇಲಿನ ನಾಲ್ಕನ್ನು ತೆಗೆದು ಸಾಲಾಗಿ ಬಟ್ಟೆಯ ಮೇಲೆ ಇಟ್ಟಾಗ ಯಾರೂ ವಿವರಿಸಬೇಕಾಗಿರಲಿಲ್ಲ. 2 ಮತ್ತು 4 ತಿಳಿ ಕಂದು. 1 ಮತ್ತು 3 ಮಸಿ ಹಿಡಿದು ಕಪ್ಪು. ಅಂದರೆ ಬಲಗಡೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬರೀ ಥ್ರಾಟಲ್ ಕೇಬಲ್ ಹೆಚ್ಚುಕಡಿಮೆ ಆಗಿದ್ದರೆ ಹೀಗೆ ಪೆಟ್ರೋಲ್ ಸುರಿಯುತ್ತಿರಲಿಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡೂ ಇಗ್ನಿಷನ್ ಸ್ವಿಚ್ ಆಫ್, ಕೀ ಸರ್ ಜೇಬಿಗೆ, ಚಕ್ರ ಉರುಳದಂತೆ ಅಡ್ಡ ಚಾಕ್. ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ಕಾರು ಬೈಕುಗಳಲ್ಲಿ ಆಕ್ಸಿಲರೇಟರ್ ಕೇಬಲ್ ತುಂಡಾದರೆ ಎಂಜಿನ್ ಐಡ್ಲಿಂಗ್‌ಗೆ ಬರುತ್ತೆ. ಈ ಎಂಜಿನ್‌ನಲ್ಲಿ ಉಲ್ಟಾ. ಥ್ರಾಟಲ್ ತೋಳಿಗೆ ಹಾಕಿರುವ ಸ್ಪ್ರಿಂಗ್ ಅದನ್ನು ಪೂರ್ತಿ ತೆರೆಯುವ ಕಡೆಗೆ ಎಳೆಯುತ್ತೆ, ಕೇಬಲ್ ಇರೋದು ಮುಚ್ಚುವುದಕ್ಕೆ. ಆಕಾಶದಲ್ಲಿ ಕೇಬಲ್ ಹೋದರೆ ಶಕ್ತಿ ಉಳಿಯಲಿ ಅಂತ ಹಾಗೆ ಮಾಡಿದ್ದಾರೆ. ಆದರೆ ನೆಲದ ಮೇಲೆ ಕೇಬಲ್ ಕಳಚಿಟ್ಟು ಮರೆತು ಯಾರಾದರೂ ಸ್ಟಾರ್ಟ್ ಮಾಡಿದರೆ? ಎಂಜಿನ್ ನೇರ ಫುಲ್ ಥ್ರಾಟಲ್‌ಗೆ ಹೋಗುತ್ತೆ, ಮುಂದೆ ಪ್ರೊಪೆಲ್ಲರ್ ಇದೆ. ಅದಕ್ಕೇ ಕೇಬಲ್ ಕಳಚಿದ ತಕ್ಷಣ ಸರ್ ಸೀಟಿನ ಮೇಲೆ ಒಂದು ಕೆಂಪು ಬಟ್ಟೆ ಹಾಸುತ್ತಾರೆ. ಅದು ಅಲ್ಲಿರುವವರೆಗೆ ಯಾರೂ ಒಳಗೆ ಕೂರುವ ಹಾಗಿಲ್ಲ.

ಬಿಂಗ್ ಕಾರ್ಬೊರೇಟರ್‌ನ ಕೆಳಗಿನ ಬೌಲ್ ತೆಗೆಯೋದು ಸುಲಭ. ಒಂದು ತಂತಿಯ ಕ್ಲಿಪ್ ಹಿಡಿದಿರುತ್ತೆ, ಅದನ್ನು ಪಕ್ಕಕ್ಕೆ ಸರಿಸಿದರೆ ಬೌಲ್ ಕೈಗೆ ಬರುತ್ತೆ. ಅಲ್ಲಾಡಿಸದೆ, ತುಳುಕಿಸದೆ ಇಳಿಸಬೇಕು, ಯಾಕೆಂದರೆ ನೋಡಬೇಕಾಗಿರುವುದು ಆ ಬೌಲ್‌ನಲ್ಲಿ ನಿಂತ ಪೆಟ್ರೋಲನ್ನೇ. ತಳದಲ್ಲಿ ನೀರಿನ ಹನಿ ಇದೆಯಾ, ಕಸ ಇದೆಯಾ, ಫ್ಲೋಟ್‌ಗಳು ಹೇಗೆ ತೇಲುತ್ತಿವೆ, ಇದೆಲ್ಲ ಆ ಒಂದು ನಿಮಿಷದಲ್ಲಿ ಕಾಣುತ್ತೆ. ಚೆಲ್ಲಿದರೆ ಹೋಯ್ತು.

ಎಡಗಡೆಯ ಬೌಲ್‌ನಲ್ಲಿ ಎರಡೂ ಫ್ಲೋಟ್ ಸರಿಯಾಗಿ ತೇಲುತ್ತಿದ್ದವು. ಬಲಗಡೆಯದರಲ್ಲಿ ಒಂದು ತೇಲುತ್ತಿತ್ತು, ಇನ್ನೊಂದು ಒಂದು ಮಟ್ಟ ಕೆಳಗೆ ಕೂತಿತ್ತು. ತಳದಲ್ಲಿ ಒಂದು ಕಪ್ಪು ಚೂರು. ಸರ್ ಅದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ರಬ್ಬರ್, ಸುರುಳಿ ಸುತ್ತಿಕೊಂಡ ಸಣ್ಣ ಎಳೆ. ಪೆಟ್ರೋಲ್ ಪೈಪನ್ನು ಲೋಹದ ನಳಿಗೆಗೆ ತುರುಕುವಾಗ ನಳಿಗೆಯ ಚೂಪು ಅಂಚು ಪೈಪಿನ ಒಳಮೈಯನ್ನು ಕೆರೆದರೆ ಹೀಗೆ ಎಳೆ ಏಳುತ್ತೆ. ಫಿಲ್ಟರ್ ಆದ ಮೇಲಿನ ಪೈಪ್ ಆದ್ದರಿಂದ ತಡೆಯುವವರು ಯಾರೂ ಇಲ್ಲ, ನೇರ ಕಾರ್ಬೊರೇಟರ್‌ಗೇ ಬರುತ್ತೆ. ಇಂಥದ್ದೊಂದು ಎಳೆ ಬೌಲ್‌ಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಬಾಯಲ್ಲಿ ಸಿಕ್ಕಿಕೊಂಡರೆ ವಾಲ್ವ್ ಮುಚ್ಚುವುದಿಲ್ಲ, ಪೆಟ್ರೋಲ್ ನಿಲ್ಲುವುದಿಲ್ಲ.

ಫ್ಲೋಟ್ ಕಥೆ ಇನ್ನೂ ಮುಖ್ಯ. ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಏರಿದಂತೆ ಫ್ಲೋಟ್‌ಗಳು ಮೇಲೆದ್ದು, ಒಂದು ತೋಳನ್ನು ಎತ್ತಿ, ಒಳಬರುವ ಪೆಟ್ರೋಲನ್ನು ನಿಲ್ಲಿಸಬೇಕು. ಫ್ಲೋಟ್ ಪೆಟ್ರೋಲ್ ಹೀರಿಕೊಂಡು ಭಾರವಾದರೆ ಅದು ತಡವಾಗಿ ಏಳುತ್ತೆ, ಮಟ್ಟ ಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತೆ, ವೆಂಟ್ ಪೈಪಿನಿಂದ ಹೊರಗೆ ತುಳುಕುತ್ತೆ. ಎಂಜಿನ್ ಒಳಗೂ ಜಾಸ್ತಿ ಹೋಗುತ್ತೆ. ರೋಟ್ಯಾಕ್ಸ್ ಹಾಕಿರುವ ಮಿತಿ ಸ್ಪಷ್ಟವಾಗಿದೆ: ಒಂದು ಕಾರ್ಬೊರೇಟರ್‌ನ ಎರಡೂ ಫ್ಲೋಟ್ ಸೇರಿ 7 ಗ್ರಾಂ ಮೀರಬಾರದು. ಇದನ್ನು ತೂಗೋಕೆ ಅಡುಗೆಮನೆಯ ತಕ್ಕಡಿ ಸಾಲದು. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ನಮ್ಮ ಹತ್ತಿರ ಅದಿದೆ, ಟೂಲ್‌ಬಾಕ್ಸ್‌ನ ಮೇಲಿನ ಅರೆಯಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದೇವೆ. ಮೈಮೇಲಿನ ಪೆಟ್ರೋಲ್ ಒರೆಸಿ, ತಡ ಮಾಡದೆ ತೂಗಬೇಕು. ಬಿಸಿಲಲ್ಲಿ ಇಟ್ಟು ಟೀ ಕುಡಿದು ಬಂದು ತೂಗಿದರೆ ಹೀರಿಕೊಂಡಿದ್ದು ಆವಿಯಾಗಿ ತೂಕ ಕಡಿಮೆ ತೋರಿಸುತ್ತೆ, ಕೆಟ್ಟ ಫ್ಲೋಟ್ ಒಳ್ಳೆಯದರಂತೆ ಪಾಸಾಗುತ್ತೆ. ಎಡಗಡೆ ಜೋಡಿ 7ರ ಒಳಗೇ ಇತ್ತು. ಬಲಗಡೆ ಜೋಡಿ 7 ದಾಟಿತ್ತು. ಅಲ್ಲಿಗೆ ವಿಮಾನ ಹಾರುವುದು ನಿಂತಿತು. ಹೊಸ ಫ್ಲೋಟ್ ಬರುವವರೆಗೆ ಬೇರೆ ಮಾತೇ ಇಲ್ಲ. ಎಡಗಡೆಯದು ಚೆನ್ನಾಗಿದ್ದರೂ ಎರಡೂ ಕಡೆಗೆ ತರಿಸಿದೆವು, ಒಂದು ಕಡೆ ಹಳೆಯದು ಒಂದು ಕಡೆ ಹೊಸದು ಬೇಡ ಅಂತ ಸರ್ ಹೇಳಿದ್ದು ನನಗೂ ಸರಿ ಅನ್ನಿಸಿತು.

ಬಿಡಿಭಾಗ ಬರುವವರೆಗೆ ಉಳಿದಿದ್ದನ್ನೆಲ್ಲ ಬಿಚ್ಚಿ ನೋಡೋಣ ಅಂತ ಕೂತೆವು. ಮೇಲಿನ ಮುಚ್ಚಳಕ್ಕೆ ಎರಡೇ ಸ್ಕ್ರೂ. ಒಳಗೆ ಒಂದು ಉದ್ದನೆಯ ಸ್ಪ್ರಿಂಗ್, ಅದರ ಕೆಳಗೆ ಪಿಸ್ಟನ್, ಪಿಸ್ಟನ್‌ಗೆ ಅಂಟಿಕೊಂಡ ರಬ್ಬರ್ ಡಯಾಫ್ರಮ್, ನಡುವೆ ನೇತಾಡುವ ಜೆಟ್ ನೀಡಲ್. ಪೈಲಟ್ ಥ್ರಾಟಲ್ ತಳ್ಳಿದಾಗ ತೆರೆಯೋದು ಕೆಳಗಿನ ತಟ್ಟೆ ಮಾತ್ರ. ಈ ಪಿಸ್ಟನ್‌ಗೆ ಕೇಬಲ್ ಇಲ್ಲ. ಎಂಜಿನ್ ಎಳೆಯುವ ಗಾಳಿಯ ಹೀರುವಿಕೆಗೆ ಡಯಾಫ್ರಮ್ ಮೇಲೇಳುತ್ತೆ, ಜೊತೆಗೆ ಪಿಸ್ಟನ್, ನೀಡಲ್ ಎಲ್ಲ. ಎಷ್ಟು ಗಾಳಿಯೋ ಅಷ್ಟು ಪೆಟ್ರೋಲ್. ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗುವುದನ್ನೂ ಇದು ಸ್ವಲ್ಪ ಮಟ್ಟಿಗೆ ತಾನೇ ಸರಿದೂಗಿಸುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ನಾವು ನೆಲದಲ್ಲಿ ನಿಂತಾಗಲೇ ಗಾಳಿ ತೆಳು. ಆದರೂ ಈ ವಿಮಾನದಲ್ಲಿ ಪೈಲಟ್ ಕೈಯಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಬದಲಿಸುವ ಮಿಕ್ಸ್ಚರ್ ಲಿವರ್ ಇಲ್ಲ. ನನಗೆ ಈ ಕಾರ್ಬೊರೇಟರ್‌ನಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಒಂದು ತೆಳು ರಬ್ಬರ್ ತುಂಡು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತೆ.

ಆ ರಬ್ಬರನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಲ್ಲಗೆ ಎಳೆದು, ಸುತ್ತಲೂ ನೋಡಿದೆವು. ಸೂಜಿ ಮೊನೆಯಷ್ಟು ತೂತಿದ್ದರೂ ಆ ಕಡೆಯ ಪಿಸ್ಟನ್ ಪೂರ್ತಿ ಏಳುವುದಿಲ್ಲ, ಫುಲ್ ಥ್ರಾಟಲ್‌ನಲ್ಲಿ ಅರ್ಧ ಎಂಜಿನ್ ಸೊರಗುತ್ತೆ. ಎರಡೂ ಚೆನ್ನಾಗಿದ್ದವು. ಡಯಾಫ್ರಮ್ ಅಂಚಿನಲ್ಲಿ ಒಂದು ಸಣ್ಣ ಕಿವಿ ಇರುತ್ತೆ, ವಾಪಸ್ ಹಾಕುವಾಗ ಅದು ಕಾರ್ಬೊರೇಟರ್ ಮೈಯಲ್ಲಿರುವ ಕಚ್ಚಿನಲ್ಲೇ ಕೂರಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಳ್ಳುತ್ತೆ. ನೀಡಲ್‌ಗಳ ಮೇಲೆ ಉಗುರು ಆಡಿಸಿ ನೋಡಿದೆ. ಬಲಗಡೆಯದರಲ್ಲಿ ಒಂದು ಜಾಗದಲ್ಲಿ ಹೊಳಪು, ಆದರೆ ಉಗುರಿಗೆ ತಡೆ ಸಿಗಲಿಲ್ಲ. ಸರ್ ಲೆನ್ಸ್ ಇಟ್ಟು ನೋಡಿ "ಇರಲಿ, ಮುಂದಿನ ಸಲ ಇದನ್ನು ಮರೀಬೇಡ" ಅಂತ ಲಾಗ್‌ಬುಕ್‌ನಲ್ಲಿ ಬರೆಸಿದರು. ಜೆಟ್‌ಗಳನ್ನು ಗಾಳಿ ಊದಿ ಶುಚಿ ಮಾಡಿದೆವು. ತಂತಿ ಚುಚ್ಚಬಾರದು, ಹಿತ್ತಾಳೆ ಮೆತ್ತಗಿರುತ್ತೆ, ತೂತು ದೊಡ್ಡದಾಗಿಬಿಡುತ್ತೆ.

ಕಾರ್ಬೊರೇಟರನ್ನು ಎಂಜಿನ್‌ಗೆ ಹಿಡಿದಿರುವ ರಬ್ಬರ್ ಸಾಕೆಟ್ ಇನ್ನೊಂದು ನಂಬಲಾಗದ ಜಾಗ. ಇಡೀ ಕಾರ್ಬೊರೇಟರ್ ಅದರ ಮೇಲೇ ನೇತಾಡುತ್ತೆ. ಹೊರಗಿಂದ ನೋಡಿದರೆ ಎರಡೂ ಸರಿ ಇದ್ದಂತೆ ಇತ್ತು. ಕಳಚಿ ಬೆರಳಲ್ಲಿ ಬಗ್ಗಿಸಿದಾಗ ಎಡಗಡೆಯದರ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಆ ಬಿರುಕು ಒಳಗಿನವರೆಗೆ ಹೋದರೆ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತೆ. ಆಗ ಎಡಗಡೆ ಪೆಟ್ರೋಲ್ ಕಡಿಮೆ, ಬಲಗಡೆ ಜಾಸ್ತಿ! ಇಂಥ ರಬ್ಬರ್ ಭಾಗಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತ ರೋಟ್ಯಾಕ್ಸ್ ಹೇಳುತ್ತೆ, ಎಂಜಿನ್ ಎಷ್ಟು ಕಡಿಮೆ ಓಡಿದ್ದರೂ ಸರಿ. ಬೆಂಗಳೂರಿನ ಬಿಸಿಲು, ಕೌಲಿಂಗ್ ಒಳಗಿನ ಶಾಖ, ಪೆಟ್ರೋಲ್ ಎಲ್ಲ ಸೇರಿದರೆ ಆ ಐದು ವರ್ಷ ಉದಾರವಾಗಿ ಕೊಟ್ಟಿದ್ದಲ್ಲ ಅಂತ ನನಗನ್ನಿಸುತ್ತೆ.

ಯೋಚನೆ ಮಾಡಿ. ಒಂದು ಕಡೆ ಭಾರವಾದ ಫ್ಲೋಟ್, ಇನ್ನೊಂದು ಕಡೆ ಬಿರುಕು ಬಿಟ್ಟ ರಬ್ಬರ್. ಇದರ ಮೇಲೆ ನಾವು ಗೇಜ್ ಹಾಕಿ, ಸ್ಕ್ರೂ ತಿರುಗಿಸಿ, ಎರಡೂ ಮುಳ್ಳು ಒಂದೇ ಕಡೆ ನಿಲ್ಲುವಂತೆ ಮಾಡಿಬಿಟ್ಟಿದ್ದರೆ? ಮಾಡಬಹುದಿತ್ತು, ಕಷ್ಟವೇನಲ್ಲ. ನಡುಕವೂ ಸ್ವಲ್ಪ ತಗ್ಗುತ್ತಿತ್ತು. ಎಲ್ಲರೂ ಖುಷಿಯಾಗಿ ಹಾರಲು ಹೋಗುತ್ತಿದ್ದರು, ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ತುಳುಕುತ್ತಲೇ ಇರುತ್ತಿತ್ತು. ಸಿಂಕ್ ಮಾಡೋದು ಕೊನೆಯ ಕೆಲಸ, ಮೊದಲನೆಯದಲ್ಲ ಅಂತ ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಈ ಎಂಜಿನ್‌ಗೆ ಕಾರಿನ ಪೆಟ್ರೋಲ್ ಹಾಕಬಹುದು, ಆದರೆ ಎಥೆನಾಲ್ ಶೇ 10ರ ಒಳಗಿರಬೇಕು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಇರುವ ಇ20. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ, ರಬ್ಬರನ್ನೂ ಸುಮ್ನೆ ಬಿಡುವುದಿಲ್ಲ. ಹಾಗಾಗಿ ನಾವು ಏವ್‌ಗ್ಯಾಸ್ 100 ಎಲ್‌ಎಲ್ ಬಿಟ್ಟು ಬೇರೆ ಹಾಕುವುದಿಲ್ಲ. ಅದರಲ್ಲಿ ಸೀಸ ಇದೆ, ಅದಕ್ಕಾಗಿ ಎಂಜಿನ್ ಆಯಿಲ್ ಬೇಗ ಬೇಗ ಬದಲಾಯಿಸಬೇಕು, ಖರ್ಚೂ ಜಾಸ್ತಿ. ಆದರೂ ಅದೇ ವಾಸಿ.

ಹೊಸ ಫ್ಲೋಟ್, ಹೊಸ ಸಾಕೆಟ್, ಹೊಸ ಗ್ಯಾಸ್ಕೆಟ್ ಬಂದ ಮೇಲೆ ಎಲ್ಲ ಜೋಡಿಸಿದೆವು. ಪೆಟ್ರೋಲ್ ಪೈಪನ್ನು ಈ ಸಲ ನಳಿಗೆಯ ಅಂಚಿಗೆ ಕೆರೆಯದಂತೆ ನಿಧಾನಕ್ಕೆ ಏರಿಸಿ, ಮೊದಲು ಸ್ವಲ್ಪ ಪೆಟ್ರೋಲ್ ಹೊರಗೆ ಹರಿಸಿ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿದೆವು. ವೆಂಟ್ ಪೈಪ್‌ಗಳ ತುದಿ ಗಾಳಿಯ ರಭಸಕ್ಕೆ ಎದುರಾಗದಂತೆ ಇರಬೇಕು, ಅದೂ ನೋಡಿಕೊಂಡೆವು. ಬೌಲ್ ಒಳಗಿನ ಒತ್ತಡ ಬದಲಾದರೆ ಮಿಕ್ಸ್ಚರ್ ಕೂಡ ಬದಲಾಗುತ್ತೆ.

ಆಮೇಲೆ ಎಂಜಿನ್ ಆಫ್ ಇದ್ದಾಗಲೇ ಮಾಡುವ ಹೊಂದಾಣಿಕೆ. ಕಾಕ್‌ಪಿಟ್‌ನಲ್ಲಿ ಒಬ್ಬರು ಥ್ರಾಟಲ್ ಆಡಿಸಬೇಕು, ಹೊರಗೆ ಇಬ್ಬರು ಒಂದೊಂದು ಕಾರ್ಬ್ ನೋಡಬೇಕು. ಎರಡೂ ತೋಳು ಒಟ್ಟಿಗೇ ಕದಲಬೇಕು, ಒಟ್ಟಿಗೇ ಕೊನೆ ಮುಟ್ಟಬೇಕು. ಚೋಕ್ ಕೇಬಲ್‌ಗಳಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಒಂದು ಕಡೆ ಚೋಕ್ ಕೂದಲೆಳೆಯಷ್ಟು ತೆರೆದು ಉಳಿದರೂ ಆ ಕಡೆ ಪೆಟ್ರೋಲ್ ಜಾಸ್ತಿ ಹೋಗುತ್ತೆ, ನೀವು ಇಡೀ ದಿನ ಗೇಜ್ ಮುಂದೆ ಕೂತರೂ ಕಾರಣ ಸಿಗುವುದಿಲ್ಲ. ಐಡ್ಲ್ ಮಿಕ್ಸ್ಚರ್ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಎರಡೂ ಕಡೆ ಒಂದೇ ಅಳತೆ.

ಗೇಜ್‌ಗಳ ಸರದಿ ಕೊನೆಗೂ ಬಂತು. ಎರಡೂ ಕಡೆ ಸಿಲಿಂಡರ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್‌ಗಳ ನಡುವೆ ಒಂದು ಬ್ಯಾಲೆನ್ಸ್ ಟ್ಯೂಬ್ ಇರುತ್ತೆ, ಎರಡು ಕಡೆಯ ವ್ಯತ್ಯಾಸವನ್ನು ಸಮ ಮಾಡೋದು ಅದರ ಕೆಲಸ. ಸಿಂಕ್ ನೋಡುವಾಗ ಅದು ಸೇರಿಕೊಂಡೇ ಇದ್ದರೆ ವ್ಯತ್ಯಾಸ ಮುಚ್ಚಿಹೋಗುತ್ತೆ. ಅದನ್ನು ಕಳಚಿ, ಒಂದೊಂದು ಕಡೆಗೆ ಒಂದೊಂದು ವ್ಯಾಕ್ಯೂಮ್ ಗೇಜ್ ಹಾಕಿದೆವು. ಅದಕ್ಕೂ ಮುಂಚೆ ಎರಡು ಗೇಜ್‌ಗಳನ್ನೂ ಟಿ ಆಕಾರದ ಪೈಪ್‌ನಿಂದ ಜೋಡಿಸಿ ಒಂದೇ ಕಡೆಗೆ ಹಾಕಿ ನೋಡಿದೆವು, ಎರಡೂ ಒಂದೇ ಓದುತ್ತವಾ ಅಂತ. ಗೇಜೇ ಸುಳ್ಳು ಹೇಳಿದರೆ ಉಳಿದಿದ್ದೆಲ್ಲ ವ್ಯರ್ಥ ಅಲ್ವಾ?

ಬಾಲವನ್ನು ನೆಲದ ಕೊಂಡಿಗೆ ಕಟ್ಟಿ, ಚಾಕ್ ಹಾಕಿ, ಪ್ರೊಪೆಲ್ಲರ್ ಸುತ್ತ ಯಾರೂ ಬರದಂತೆ ಒಬ್ಬರನ್ನು ನಿಲ್ಲಿಸಿ ಸ್ಟಾರ್ಟ್ ಮಾಡಿದೆವು. ಮೊದಲು 2000, ಆಮೇಲೆ 2500 ಆರ್‌ಪಿಎಂ, ಆಯಿಲ್ 50 ಡಿಗ್ರಿ ಮುಟ್ಟುವವರೆಗೆ. ತಣ್ಣನೆ ಎಂಜಿನ್‌ನಲ್ಲಿ ಸಿಂಕ್ ಮಾಡಿ ಪ್ರಯೋಜನವಿಲ್ಲ. ಎಡಗಡೆ ಮುಳ್ಳು ಜಾಸ್ತಿ ಹೀರುವಿಕೆ ತೋರಿಸುತ್ತಿತ್ತು, ಅಂದರೆ ಆ ಕಡೆಯ ತಟ್ಟೆ ಇನ್ನೊಂದಕ್ಕಿಂತ ಹೆಚ್ಚು ಮುಚ್ಚಿದೆ. ಸರ್ ಕೈ ಸನ್ನೆ ಮಾಡಿದರು, ಎಂಜಿನ್ ನಿಲ್ಲಿಸಿದರು, ಎಡ ಕೇಬಲ್‌ನ ಲಾಕ್‌ನಟ್ ಸಡಿಲಿಸಿ ಸ್ವಲ್ಪವೇ ತಿರುಗಿಸಿದರು. ಮತ್ತೆ ಸ್ಟಾರ್ಟ್. ಓಡುವ ಎಂಜಿನ್ ಪಕ್ಕದಲ್ಲಿ ಕೈ ಹಾಕಿ ಮಾಡುವವರೂ ಇದ್ದಾರೆ, ಬೇಗ ಮುಗಿಯುತ್ತೆ ಕೂಡ. ಸರ್ ಒಪ್ಪುವುದಿಲ್ಲ, ಪ್ರೊಪೆಲ್ಲರ್ ಅಷ್ಟು ಹತ್ತಿರದಲ್ಲಿ ತಿರುಗುವಾಗ ನನಗೂ ಅದು ಬೇಡ. ಹೀಗೆ ನಿಲ್ಲಿಸಿ, ತಿರುಗಿಸಿ, ನೋಡಿ, 2500ರಲ್ಲಿ ಎರಡೂ ಮುಳ್ಳು ಸಮ ಬಂದ ಮೇಲೆ ಐಡ್ಲಿಂಗ್‌ಗೆ ಇಳಿದೆವು. ಅಲ್ಲಿ ಕೇಬಲ್ ಮುಟ್ಟುವಂತಿಲ್ಲ, ಸ್ಟಾಪ್ ಸ್ಕ್ರೂಗಳಲ್ಲೇ ಹೊಂದಿಸಬೇಕು. ಕನಿಷ್ಠ 1400 ಅಂತ ಪುಸ್ತಕದಲ್ಲಿದೆ, ಆದರೆ ಅಷ್ಟು ಕೆಳಗೆ ಗೇರ್‌ಬಾಕ್ಸ್ ಕಟಕಟ ಅನ್ನುತ್ತೆ. ನಾವು 1700ರ ಆಸುಪಾಸಿನಲ್ಲಿ ನಿಲ್ಲಿಸಿದೆವು.

ಬ್ಯಾಲೆನ್ಸ್ ಟ್ಯೂಬ್ ವಾಪಸ್ ಹಾಕಿ, ಮತ್ತೆ ಸ್ಟಾರ್ಟ್ ಮಾಡಿದಾಗ ನಾನು ಪ್ಯಾನೆಲ್ ಮೇಲೆ ಅಂಗೈ ಇಟ್ಟು ಕೂತಿದ್ದೆ. ಸಣ್ಣ ಗುಂಯ್ ಅನ್ನೋ ಕಂಪನ ಬಿಟ್ಟರೆ ಏನೂ ಇಲ್ಲ. ಗೇಜ್‌ಗಳ ಮುಳ್ಳು ಸ್ಪಷ್ಟವಾಗಿ ಓದಲು ಬರುತ್ತಿತ್ತು. 4000ಕ್ಕೆ ಏರಿಸಿ ಇಗ್ನಿಷನ್ ಒಂದೊಂದಾಗಿ ಆಫ್ ಮಾಡಿ ನೋಡಿದೆವು. 300ಕ್ಕಿಂತ ಹೆಚ್ಚು ಆರ್‌ಪಿಎಂ ಬೀಳಬಾರದು, ಅದಕ್ಕಿಂತ ಎಷ್ಟೋ ಕಡಿಮೆ ಬಿತ್ತು. ನಿಲ್ಲಿಸಿ, ಕೌಲಿಂಗ್ ತೆರೆದಿಟ್ಟು, ಡ್ರಿಪ್ ಟ್ರೇಗಳಲ್ಲಿ ಟಿಶ್ಯೂ ಪೇಪರ್ ಹಾಸಿ ಊಟಕ್ಕೆ ಹೋದೆವು. ವಾಪಸ್ ಬಂದಾಗ ಎರಡೂ ಪೇಪರ್ ಒಣಗಿಯೇ ಇದ್ದವು. ಸರ್ ಸಹಿ ಹಾಕಿದರು.

ಸಿಂಕ್ ಚೆಕ್ 100 ಗಂಟೆಗೊಮ್ಮೆ, ಕಾರ್ಬೊರೇಟರ್ ಬಿಚ್ಚಿ ನೋಡೋದು 200 ಗಂಟೆಗೊಮ್ಮೆ ಅಂತ ನಿಯಮ. ಆದರೆ ಹೊಸ ರಬ್ಬರ್ ಸಾಕೆಟ್ ಹಾಕಿದಾಗ ಅದು ಕೂತು ಹದಕ್ಕೆ ಬರೋಕೆ ಸ್ವಲ್ಪ ಹಾರಾಟ ಬೇಕು, ಕ್ಲಾಂಪ್‌ಗಳೂ ಸಡಿಲ ಆಗಬಹುದು. ಹಾಗಾಗಿ 100 ಗಂಟೆ ಕಾಯದೆ ನಡುವೆ ಒಮ್ಮೆ ಮತ್ತೆ ಗೇಜ್ ಹಾಕಿದೆವು. 2500ರಲ್ಲಿ ಮುಳ್ಳುಗಳು ತುಸು ಬೇರೆಯಾಗಿದ್ದವು, ಎಡ ಕೇಬಲ್‌ಗೆ ಇನ್ನಷ್ಟು ತಿರುವು ಬೇಕಾಯಿತು. ಫ್ಲೋಟ್‌ಗಳನ್ನೂ ತೂಗಿದೆವು, ಎರಡೂ ಜೋಡಿ 7 ಗ್ರಾಂ ಒಳಗೇ ಇದ್ದವು. ಬಲಗಡೆ ನೀಡಲ್‌ನ ಹೊಳಪು ಹಾಗೇ ಇದೆ, ಹೆಚ್ಚಾಗಿಲ್ಲ. 200 ಗಂಟೆಯ ಚೆಕ್‌ಗೆ ಬದಲಾಯಿಸೋಣ ಅಂತ ಈಗಲೇ ಒಂದು ಜೊತೆ ನೀಡಲ್, ಜೆಟ್ ತರಿಸಿಟ್ಟಿದ್ದೇವೆ.